ಎರಡನೆಯ ಮೆಟ್ಟಿಲು

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ಗೆದ್ದೆತ್ತಿನ ಬಾಲ ಹಿಡಿಯುವುದು ಲೋಕದ ರೂಢಿ. ನಮ್ಮ ಕಡೆಯ ಎತ್ತಿನಗಾಡಿ ಓಟಗಳನ್ನು ನೋಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಬಂದ ಜೋಡಿಯ ಸುತ್ತ ಊರೇ ನೆರೆಯುತ್ತದೆ. ಎತ್ತುಗಳ ಕೊರಳಿಗೆ ಹಾರ, ಒಡೆಯನ ಹೆಗಲಿಗೆ ಶಾಲು. ಕಡೆಯಲ್ಲಿ ಬಂದ ಜೋಡಿಯೂ ಅಷ್ಟೇ ದೂರ ಓಡಿತೆಂಬುದು ಯಾರ ನೆನಪಿಗೂ ಬರುವುದಿಲ್ಲ. ಕಾಲೇಜಿನ ವಾರ್ಷಿಕ ಸಂಚಿಕೆಗಳಲ್ಲಿಯೂ ಅಷ್ಟೆ. ಬಹುಮಾನ ಹಿಡಿದು ನಿಂತವರ ಚಿತ್ರಗಳಿಗೇ ಪುಟ ಸಾಲದು. ಅದು ತಪ್ಪೆಂದು ನಾನು ಹೇಳಲಾರೆ. ಆದರೆ ಒಂದು ಪುಟವಾದರೂ ಇಳಿದವರಿಗೆ ಮೀಸಲಾಗಲಿ ಎಂಬ ಆಸೆಯಿಂದ, ಏರಿದ ಮರುವರ್ಷವೇ ಇಳಿದ ಒಂದು ಫುಟ್‌ಬಾಲ್ ತಂಡದ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ.

'ಮಳವಳ್ಳಿ ತಾಲ್ಲೂಕಿನ ಹುಡುಗನಿಗೆ ಫುಟ್‌ಬಾಲಿನ ಉಸಾಬರಿ ಏಕೆ?' ಎಂದು ವಿದ್ಯಾರ್ಥಿಮಿತ್ರರು ನಕ್ಕಾರು. ನಗುವುದು ನ್ಯಾಯವೇ. ನಮ್ಮೂರಿನ ಬಯಲಿನಲ್ಲಿ ಕಬಡ್ಡಿ ಉಂಟು, ವಾಲಿಬಾಲ್ ಉಂಟು, ಕೊಯ್ಲು ಮುಗಿದ ಗದ್ದೆಯಲ್ಲಿ ಕ್ರಿಕೆಟ್ಟೂ ಉಂಟು. ಫುಟ್‌ಬಾಲ್ ಮಾತ್ರ ಇಲ್ಲ. ಆದರೆ ಬೆಂಗಳೂರು ನಮಗೆ ಪರವೂರಲ್ಲ. ನಮ್ಮ ತಾಲ್ಲೂಕಿನ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿಗೆ ದೀಪ ಹಚ್ಚಿತು. ಆ ನಗರಕ್ಕೆ ಕಾವೇರಿಯ ನೀರು ಮೇಲೇರಿ ಹೋಗುವುದು ನಮ್ಮ ತೊರೆಕಾಡನಹಳ್ಳಿಯಿಂದಲೇ. ಆ ಯೋಜನೆಯ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನೀರು ಹೋದ ದಾರಿಯಲ್ಲಿ ನಮ್ಮ ಜನವೂ ಹೋಗುತ್ತಾರೆ. ಹಾಗೆ ಹೋದವರಲ್ಲಿ ನನ್ನ ಸೋದರಮಾವ ಒಬ್ಬರು. ಹಲಸೂರಿನ ಕಡೆ ಆಟೋ ಓಡಿಸುತ್ತಾರೆ. ಅಲ್ಲಿಗೆ ಸಮೀಪದ ಗೌತಮಪುರದಲ್ಲಿ ಬ್ರೆಜಿಲಿನ ಆಟಗಾರ ಪೆಲೆಗೆ ಪ್ರತಿಮೆ ನಿಲ್ಲಿಸಿದ್ದಾರೆ. ರಜೆಯಲ್ಲಿ ಮಾವನ ಮನೆಗೆ ಹೋದಾಗ ಅದನ್ನು ಕಂಡು, 'ಇದೇನು ಇವರ ಹುಚ್ಚು!' ಎಂದು ಕುತೂಹಲಪಟ್ಟು ವಿಚಾರಿಸಹೋದವನು ನಾನು.

ವಿಚಾರಿಸಿದಷ್ಟೂ ವಿಷಯ ತೆರೆದುಕೊಂಡಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮ ಆಟಗಾರರು ಬಹುಮಂದಿ ಬರಿಗಾಲಿನಲ್ಲೇ ಫ್ರಾನ್ಸಿನ ಎದುರು ನಿಂತರು. ಆ ದಿನ ಭಾರತದ ಮೊತ್ತಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ರಾಜ್ಯ ರಾಜ್ಯಗಳ ನಡುವಣ ಸಂತೋಷ್ ಟ್ರೋಫಿಯನ್ನು ಅಂದಿನ ಮೈಸೂರು ನಾಲ್ಕು ಸಲ ಗೆದ್ದಿತ್ತು, ನಾಲ್ಕನೆಯದು 1968–69ರಲ್ಲಿ. ಐದನೆಯದಕ್ಕೆ ಕರ್ನಾಟಕ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ದೂರದ ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಅದನ್ನು ಪಡೆದರು. ಇಷ್ಟು ದೊಡ್ಡ ಸಂಗತಿ ಮಂಡ್ಯದ ಬಸ್ ನಿಲ್ದಾಣದಲ್ಲಿ ಒಂದು ಕಾಫಿಯ ಹೊತ್ತು ಕೂಡ ಚರ್ಚೆಯಾದುದನ್ನು ನಾನು ಕೇಳಲಿಲ್ಲ.

ಈಗ ನನ್ನ ತಂಡದ ವಿಷಯಕ್ಕೆ ಬರುತ್ತೇನೆ. ಅದರ ಹೆಸರು ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು. ಇದನ್ನು ಬೆಂಗಳೂರು ಎಫ್.ಸಿ. ಎಂದು ತಿಳಿಯಬಾರದು. ಅದು 2013ರಲ್ಲಿ ಹುಟ್ಟಿ, ಮೊದಲ ವರ್ಷವೇ ದೇಶದ ಐ-ಲೀಗನ್ನು ಗೆದ್ದು ಹೆಸರು ಮಾಡಿದ ಸಿರಿವಂತ ಮನೆಯ ಕೂಸು. ನಾನು ಹೇಳುವುದು ಅದೇ ಊರಿನ ಇನ್ನೊಂದು ಬೀದಿಯ ಹುಡುಗನ ಕಥೆ.

ನಮ್ಮ ದೇಶದ ಫುಟ್‌ಬಾಲನ್ನು ಒಂದು ಏಣಿಯೆಂದು ಭಾವಿಸಿಕೊಳ್ಳಿ. ಮೇಲಿನ ಮೆಟ್ಟಿಲು ಇಂಡಿಯನ್ ಸೂಪರ್ ಲೀಗ್. 2024–25ರಲ್ಲಿ ಅದರ ಕೆಳಗಿನದು ಐ-ಲೀಗ್ ಆಗಿತ್ತು. ಹಿಂದೆ ಇದೇ ಅಗ್ರದರ್ಜೆಯಾಗಿತ್ತು, 2019ರಲ್ಲಿ ಆ ಸ್ಥಾನ ಸೂಪರ್ ಲೀಗಿಗೆ ಸಂದಿತು. ಅದಕ್ಕೂ ಕೆಳಗೆ ಐ-ಲೀಗ್ 2. ಈ ಮೂರನೆಯ ಮೆಟ್ಟಿಲಿನಲ್ಲಿ 2023–24ರಲ್ಲಿ ಆಡಿ, ಮೊದಲ ಸ್ಥಾನ ಪಡೆದು ನಮ್ಮ ತಂಡ ಮೇಲಕ್ಕೆ ಏರಿತು. ಎರಡನೆಯ ಸ್ಥಾನದಲ್ಲಿ ಜೊತೆಗೆ ಏರಿದ್ದು ಗೋವೆಯ ಡೆಂಪೊ. ಐದು ಸಲ ದೇಶದ ಚಾಂಪಿಯನ್ ಆದ ಹಳೆಯ ಮನೆತನ. ಅಂಥವರನ್ನು ಹಿಂದಿಕ್ಕಿ ಬಂದವರೆಂದರೆ ಸಾಮಾನ್ಯವಲ್ಲ. ನಾನು ಬಿ.ಎ. ಮೊದಲ ವರ್ಷದಲ್ಲಿದ್ದ ಕಾಲ ಅದು. ಹಳ್ಳಿಯಿಂದ ಆಗತಾನೆ ಬಂದು ದೊಡ್ಡ ಕಟ್ಟಡದ ಮೆಟ್ಟಿಲೇರಿ ನಿಂತವನಿಗೆ ಆ ತಂಡದ ಮೇಲೆ ಅಭಿಮಾನ ಹುಟ್ಟಿದ್ದು ಆಶ್ಚರ್ಯವಲ್ಲ.

ಎರಡನೆಯ ಮೆಟ್ಟಿಲಿನ ಋತು 2024ರ ನವೆಂಬರಿನಲ್ಲಿ ಆರಂಭವಾಗಿ 2025ರ ಏಪ್ರಿಲಿನಲ್ಲಿ ಮುಗಿಯಿತು. ಹನ್ನೆರಡು ತಂಡಗಳು, ಪ್ರತಿಯೊಂದೂ ಉಳಿದ ಹನ್ನೊಂದರೊಡನೆ ಸ್ವಂತ ಊರಿನಲ್ಲಿ ಒಮ್ಮೆ, ಅವರ ಊರಿನಲ್ಲಿ ಒಮ್ಮೆ ಆಡಬೇಕು. ಒಟ್ಟು 22 ಆಟ. ಗೆದ್ದರೆ ಮೂರು ಅಂಕ, ಸಮವಾದರೆ ಒಂದು. ಕಾಗದದ ಮೇಲೆ ಸುಲಭದ ಲೆಕ್ಕ. ಆದರೆ ಭೂಪಟವನ್ನು ಬಿಚ್ಚಿ ನೋಡಿ: ಒಂದು ಎದುರಾಳಿ ಶ್ರೀನಗರದಲ್ಲಿ, ಒಂದು ಐಜ್ವಾಲಿನ ಬೆಟ್ಟದ ಮೇಲೆ, ಒಂದು ಶಿಲ್ಲಾಂಗಿನಲ್ಲಿ, ಗೋವೆಗೆ ಎರಡು ಸಲ ಹೋಗಬೇಕು, ಪಂಜಾಬು, ಹೈದರಾಬಾದು, ಕಲ್ಲಿಕೋಟೆ ಬೇರೆ. ಇಂಟರ್ ಕಾಶಿ ಎಂಬ ತಂಡಕ್ಕೆ ತರಬೇತಿ ಕೊಡುತ್ತಿದ್ದವರು 2014ರಲ್ಲಿ ಮೊಟ್ಟಮೊದಲ ಸೂಪರ್ ಲೀಗನ್ನು ಕಲ್ಕತ್ತೆಯ ತಂಡಕ್ಕೆ ಗೆದ್ದುಕೊಟ್ಟ ಸ್ಪೇನಿನ ಹಬಾಸ್. ಇಂಥವರ ನಡುವೆ ಹೊಸಬರು ಕಾಲೂರಬೇಕು.

ಆ ಋತುವಿನಲ್ಲಿ ಮಾವನನ್ನು ಪುಸಲಾಯಿಸಿ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿಗೆ ಕರೆದುಕೊಂಡು ಹೋದೆ.

"ಏನ್ ಅಳಿಮಯ್ಯ, ಬಸ್ ಚಾರ್ಜು ಕೊಟ್ಕಂಡು ಮಳವಳ್ಳಿಯಿಂದ ಬಂದದ್ದು ಕಡೇಲಿರೋ ತಂಡ ನೋಡಕ್ಕಾ?" ಎಂದರು ಮಾವ.

"ಮುಂದಿರೋರನ್ನ ಎಲ್ಲಾರೂ ನೋಡ್ತಾರಲ್ಲ ಮಾವ" ಎಂದೆ.

ಜನ ಹೆಚ್ಚಿರಲಿಲ್ಲ. ಮೈದಾನದಲ್ಲಿ ಹುಡುಗರು ಓಡುತ್ತಿದ್ದರು. ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ನಮ್ಮ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು, ಬಹಳ ವರ್ಷಗಳಿಂದ ಅಲ್ಲಿಗೆ ಬರುವವರಂತೆ, ತಮ್ಮಷ್ಟಕ್ಕೆ ಹೇಳಿದರು: "ಹೋದ ವರ್ಷ ಈ ಹುಡುಗರು ಓಡಿದ್ದು ಗೆಲ್ಲೋಕೆ. ಈ ವರ್ಷ ಓಡ್ತಿರೋದು ಉಳಿಯೋಕೆ. ಎರಡನೇದೇ ಕಷ್ಟ ಕಣಪ್ಪ." ಆ ಮಾತು ನನ್ನ ಮನಸ್ಸಿನಲ್ಲಿ ನಾಟಿ ನಿಂತಿತು.

ಕಡೆಗೆ ಉಳಿಯಲಾಗಲಿಲ್ಲ. ಹನ್ನೆರಡರಲ್ಲಿ ಹನ್ನೊಂದನೆಯ ಸ್ಥಾನ ಬಂತು. ನಿಯಮದಂತೆ ಕೊನೆಯ ಎರಡು ತಂಡಗಳು, ನಮ್ಮದು ಮತ್ತು ಡೆಲ್ಲಿ ಎಫ್.ಸಿ., ಕೆಳಗಿಳಿದವು. ಆ ದಿನಗಳಲ್ಲಿ ಪತ್ರಿಕೆಗಳಿಗೆ ಬೇರೊಂದು ಸುದ್ದಿಯಿತ್ತು. ಮೈದಾನದ ಲೆಕ್ಕದಲ್ಲಿ ಗೋವೆಯ ಚರ್ಚಿಲ್ ಬ್ರದರ್ಸ್ ಮೊದಲನೆಯದಾಗಿತ್ತು. ಇಂಟರ್ ಕಾಶಿಯವರು ಒಂದು ಆಟದ ಬಗ್ಗೆ ತಕರಾರು ತೆಗೆದು ಸ್ವಿಟ್ಜರ್ಲೆಂಡಿನ ಲೌಸಾನ್ ನಗರದ ಕ್ರೀಡಾ ನ್ಯಾಯಾಲಯದ ವರೆಗೆ ಹೋದರು. 2025ರ ಜುಲೈಯಲ್ಲಿ ಅವರೇ ಚಾಂಪಿಯನ್ನರೆಂದು ತೀರ್ಪಾಯಿತು. ಪಟ್ಟದ ವಿಷಯಕ್ಕೆ ವಕೀಲರುಂಟು, ಅಂತರರಾಷ್ಟ್ರೀಯ ನ್ಯಾಯಾಲಯವುಂಟು. ಹನ್ನೊಂದನೆಯವನು ಮಾತಿಲ್ಲದೆ ಗಂಟುಮೂಟೆ ಕಟ್ಟಿದ.

ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. ಎರಡನೆಯ ಮೆಟ್ಟಿಲಿನಿಂದ ಮೇಲಕ್ಕೆ ಹೋಗಲು ದಾರಿಯುಂಟು: 2023ರಲ್ಲಿ ಪಂಜಾಬ್, 2024ರಲ್ಲಿ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ಹಾಗೆ ಹೋದವು. ಆದರೆ 2024–25ರ ವರೆಗೆ ಸೂಪರ್ ಲೀಗಿನಿಂದ ಯಾವ ತಂಡವನ್ನೂ ಸೋತದ್ದಕ್ಕಾಗಿ ಕೆಳಗಿಳಿಸಿದ್ದಿಲ್ಲ. ಮೇಲೆ ಕುಳಿತವರಿಗೆ ಸೋಲು ಒಂದು ಬೇಸರ. ನಡುವೆ ನಿಂತವರಿಗೆ ಸೋಲೆಂದರೆ ಮನೆ ಖಾಲಿ ಮಾಡುವುದು. ಬದುಕಿನಲ್ಲಿಯೂ ಇದನ್ನು ಕಂಡವರು ನಮ್ಮಲ್ಲಿ ಕಡಿಮೆಯಿಲ್ಲ.

ಹೀಗೆ ಹೇಳುವಾಗ ನನ್ನ ಕಣ್ಣ ಮುಂದೆ ನಿಲ್ಲುವುದು ಫುಟ್‌ಬಾಲ್ ಆಡದ ಒಬ್ಬ ಗೆಳೆಯ. 2023ರಲ್ಲಿ ಒಂದೇ ಬಸ್ಸಿನಲ್ಲಿ ಬಂದು ಈ ಕಾಲೇಜಿಗೆ ಸೇರಿದವರು ನಾವು ಐದು ಮಂದಿ. ಐವರ ಮನೆಯಲ್ಲಿಯೂ ಅದಕ್ಕೆ ಮುಂಚೆ ಪದವಿಯ ಹೆಸರು ಕೇಳಿದವರಿರಲಿಲ್ಲ. ನಮ್ಮಪ್ಪ ಇಂದಿಗೂ ಯಾರಾದರೂ ಕೇಳಿದರೆ, "ದೊಡ್ಡ ಸ್ಕೂಲ್ನಾಗೆ ಓದ್ತಾವ್ನೆ" ಎನ್ನುತ್ತಾರೆ. ಬೆಳಗಿನ ಬಸ್ಸಿಗೆ ಹೊರಟು, ಮದ್ದೂರಿನಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಮಂಡ್ಯ ಸೇರುತ್ತಿದ್ದೆವು. ಆ ಬಸ್ಸಿನಲ್ಲಿ ನಿಂತುಕೊಂಡೇ ಆ ಗೆಳೆಯ ನಮಗೆಲ್ಲ ಇಂಗ್ಲಿಷ್ ಪಾಠ ಹೇಳಿಕೊಡುತ್ತಿದ್ದ. ಇತಿಹಾಸದಲ್ಲಿ ನಮ್ಮೆಲ್ಲರಿಗಿಂತ ಹೆಚ್ಚು ಅಂಕ ಅವನಿಗೇ. ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ಅವರಪ್ಪ ಕಬ್ಬಿನ ಲೋಡು ಹೇರುವಾಗ ಬಿದ್ದು ಸೊಂಟ ಮುರಿದುಕೊಂಡರು. ತಂಗಿ ಇನ್ನೂ ಹೈಸ್ಕೂಲಿನಲ್ಲಿ. ಅವನು ಈಗ ಮದ್ದೂರಿನ ಕಡೆ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದಾನೆ. ಐವರಲ್ಲಿ ಮೂವರು ಹೀಗೆ ಬೇರೆ ಬೇರೆ ಕಾರಣಗಳಿಂದ ಇಳಿದುಹೋದರು. ಅಂತಿಮ ವರ್ಷಕ್ಕೆ ಬಂದವರು ಇಬ್ಬರು.

ಊರಿನವರು ಏನೆನ್ನುತ್ತಾರೆ? "ಓದು ಹತ್ತಲಿಲ್ಲ ಕಣೋ ಅವನಿಗೆ" ಎನ್ನುತ್ತಾರೆ. ಈ ಒಂದು ಮಾತನ್ನು ನಾನು ಒಪ್ಪಲಾರೆ. ಒಪ್ಪದಿರಲು ಕಾರಣವನ್ನು ನನಗೆ ಕಲಿಸಿದ್ದು ಫುಟ್‌ಬಾಲ್.

ಮೈದಾನದಲ್ಲಿ ಆಡುವವರು ಹನ್ನೊಂದು ಜನ. ಆದರೆ ಹನ್ನೊಂದು ಜನರಿಂದ ಒಂದು ಆಟ ನಡೆದೀತೇ ಹೊರತು ಒಂದು ಋತು ನಡೆಯದು. 22 ಆಟಗಳ ಅವಧಿಯಲ್ಲಿ ಒಬ್ಬನ ಮಂಡಿ ಉಳುಕುತ್ತದೆ, ಒಬ್ಬನಿಗೆ ಜ್ವರ ಬರುತ್ತದೆ, ಒಬ್ಬನಿಗೆ ಕೆಂಪು ಚೀಟಿ ತೋರಿಸುತ್ತಾರೆ. ಆಗ ಗೆರೆಯ ಆಚೆ ಬೆಂಚಿನ ಮೇಲೆ ಕುಳಿತವನು ಎದ್ದು ಬರಬೇಕು. ದೊಡ್ಡ ತಂಡಕ್ಕೂ ಚಿಕ್ಕ ತಂಡಕ್ಕೂ ಇರುವ ಅಂತರ ಬಹುಮಟ್ಟಿಗೆ ಆ ಬೆಂಚಿನದು. ನಮ್ಮಂಥ ಮನೆಗಳಲ್ಲಿ ಬೆಂಚಿನ ಮೇಲೆ ಯಾರೂ ಇಲ್ಲ. ಅಪ್ಪ ಬಿದ್ದರೆ ಅಪ್ಪನ ಬದಲಿಗೆ ಇಳಿಯಬೇಕಾದವನು ಕಾಲೇಜಿನಲ್ಲಿ ಆಡುತ್ತಿರುವ ಮಗನೇ. ಅವನು ಹೊರಗೆ ಹೋದದ್ದು ಆಟ ಬಾರದೆ ಅಲ್ಲ, ಬೇರೊಂದು ಮೈದಾನದಲ್ಲಿ ಅವನ ಬದಲಿಗೆ ಯಾರೂ ಇಲ್ಲದ್ದರಿಂದ. ಏರುವುದಕ್ಕೆ ಒಬ್ಬನ ಸಾಹಸ ಸಾಕಾಗಬಹುದು. ಏರಿದ ಕಡೆ ನಿಲ್ಲುವುದಕ್ಕೆ ಹಲವರ ಆಸರೆ ಬೇಕು.

ನಾನು ಉಳಿದುಕೊಂಡದ್ದು ನನ್ನ ಬುದ್ಧಿಯಿಂದ ಎಂದು ಜಂಬ ಕೊಚ್ಚಿಕೊಳ್ಳುವಂತಿಲ್ಲ. ಎರಡನೆಯ ವರ್ಷ ವಿದ್ಯಾರ್ಥಿನಿಲಯದಲ್ಲಿ ಸ್ಥಳ ಸಿಕ್ಕಿತು. ಬೇಸಗೆ ರಜೆಯಲ್ಲಿ ಪುಸ್ತಕ ಇಟ್ಟುಕೊಳ್ಳಲು ಅಧ್ಯಾಪಕರೊಬ್ಬರು ತಮ್ಮ ಕಾರ್ಡನ್ನೇ ಕೊಟ್ಟರು. ಪರೀಕ್ಷೆಯ ಶುಲ್ಕಕ್ಕೆ ಮಾವ ಎರಡು ದಿನದ ಆಟೋ ಸಂಪಾದನೆ ಕಳಿಸಿದರು. ಇವರೆಲ್ಲ ನನ್ನ ಬೆಂಚು. ಕಾಲೇಜು ಎಂಬುದು ಪಾಠ ಹೇಳುವ ಜಾಗ ಮಾತ್ರವಲ್ಲ, ಬೆಂಚಿಲ್ಲದ ಮನೆಯವರಿಗೆ ಬೆಂಚಾಗುವ ಜಾಗವೂ ಹೌದೆಂದು ನನಗೆ ಅನುಭವದಿಂದ ತಿಳಿಯಿತು. ಇದನ್ನು ಗುರುಗಳ ಮುಂದೆ ಕೃತಜ್ಞತೆಯಿಂದಲೂ ಕಿರಿಯ ಮಿತ್ರರ ಮುಂದೆ ವಿನಂತಿಯಿಂದಲೂ ಹೇಳುತ್ತಿದ್ದೇನೆ. ಪಕ್ಕದವನು ನಾಲ್ಕು ದಿನ ತರಗತಿಗೆ ಬಾರದಿದ್ದರೆ ಸುಮ್ಮನಿರಬೇಡಿ. ಒಂದು ಫೋನು ಮಾಡಿ, ಟಿಪ್ಪಣಿ ಬರೆದಿಡಿ.

ಇನ್ನು, ಇಳಿದವರಿಗೆ ಬಾಗಿಲು ಮುಚ್ಚಿತೆಂದು ತಿಳಿಯಬಾರದು. ಏರುವ ಮೆಟ್ಟಿಲೂ ಇಳಿಯುವ ಮೆಟ್ಟಿಲೂ ಒಂದೇ. ಐಜ್ವಾಲ್ ತಂಡ 2015–16ರಲ್ಲಿ ಐ-ಲೀಗಿನಿಂದ ಕೆಳಗಿಳಿಯಿತು. ಗೋವೆಯ ಕೆಲವು ತಂಡಗಳು ಹಿಂದೆ ಸರಿದದ್ದರಿಂದ ಅದನ್ನು ಮತ್ತೆ ಸೇರಿಸಿಕೊಂಡರು. 2016–17ರಲ್ಲಿ ಅದೇ ತಂಡ, ಖಾಲಿದ್ ಜಮೀಲ್ ಎಂಬವರ ತರಬೇತಿಯಲ್ಲಿ, ದೇಶಕ್ಕೇ ಮೊದಲನೆಯದಾಯಿತು. ಆ ಜಮೀಲರೇ 2025ರಲ್ಲಿ ಭಾರತ ತಂಡದ ತರಬೇತುದಾರರಾದರು. ಸ್ವಿಟ್ಜರ್ಲೆಂಡಿನಲ್ಲಿ ಥೂನ್ ಎಂಬ ಊರಿದೆ. ನಮ್ಮ ಮಂಡ್ಯಕ್ಕಿಂತ ಎಷ್ಟೋ ಚಿಕ್ಕದು. ಅಲ್ಲಿಯ ತಂಡ 2020ರಲ್ಲಿ ಎರಡನೆಯ ದರ್ಜೆಗೆ ಇಳಿದು, ವರ್ಷಕ್ಕೆ 36 ಆಟಗಳಂತೆ ಐದು ವರ್ಷ ಅಲ್ಲೇ ಆಡಿ, 2025ರಲ್ಲಿ ಮೊದಲ ಸ್ಥಾನ ಪಡೆದು ಮೇಲಕ್ಕೆ ಹೋಯಿತು. ಐದು ವರ್ಷ ತಾಳಿದರಲ್ಲ, ಅದು ದೊಡ್ಡದು.

ಹೋದ ತಿಂಗಳು ಆ ಗೆಳೆಯ ಮದ್ದೂರಿನಲ್ಲಿ ಸಿಕ್ಕಿದ. ಪಾಳಿ ಮುಗಿಸಿ ಬಂದಿದ್ದ; ಕೈಗೆ ಇಸ್ತ್ರಿಯ ಬಿಸಿ ತಾಗಿದ ಗುರುತು. "ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಸೇರೋದು ಹೆಂಗೆ, ವಸಿ ವಿಚಾರಿಸಿ ಹೇಳ್ತೀಯಾ?" ಎಂದ. ಹೇಳುತ್ತೇನೆಂದೆ. ನನ್ನ ಮೂರನೆಯ ವರ್ಷದ ಟಿಪ್ಪಣಿಗಳನ್ನು ಅವನಿಗಾಗಿ ಬಿಡಿಬಿಡಿಯಾಗಿ ಬರೆದಿಡುತ್ತಿದ್ದೇನೆ.

ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು ಮತ್ತೆ ಏರುವುದೋ ಇಲ್ಲವೋ, ಅದನ್ನು ಆಡುವವರು ತೀರ್ಮಾನಿಸುತ್ತಾರೆ. ಆದರೆ ಇಳಿದದ್ದು ಏರಿದ್ದನ್ನು ಅಳಿಸಲಾರದು. 2023–24ರ ಪಟ್ಟಿಯನ್ನು ಯಾರು ಯಾವಾಗ ತೆಗೆದು ನೋಡಿದರೂ ಅದರ ತಲೆಯಲ್ಲಿ ಆ ತಂಡದ ಹೆಸರೇ ಇರುತ್ತದೆ. ನಮ್ಮ ಕಾಲೇಜಿನ ಹಾಜರಿ ಪುಸ್ತಕದಲ್ಲಿಯೂ ಎರಡು ವರ್ಷದ ಮಟ್ಟಿಗೆ ನನ್ನ ಗೆಳೆಯನ ಹೆಸರು ನನ್ನ ಹೆಸರಿಗಿಂತ ಮೇಲಿದೆ.