‘ಬಾರೋ’ ಅಂದರೂ ಸಾಲ, ‘ಲೆಂಡ್’ ಅಂದರೂ ಸಾಲ

ಇಂಗ್ಲಿಷ್ ವ್ಯಾಕರಣ ಪುಸ್ತಕಗಳ ಕೊನೆಯಲ್ಲಿ ‘ಗೊಂದಲ ಹುಟ್ಟಿಸುವ ಪದಗಳು’ ಎಂಬ ಪಟ್ಟಿಯೊಂದು ಇರುತ್ತದೆ. ಅಲ್ಲಿರುವ ಜೋಡಿಗಳು ಹೆಚ್ಚಾಗಿ ಕಾಗುಣಿತದವು. ಕಾಲೇಜಿನ ಮುಖ್ಯಸ್ಥರಾದ ‘ಪ್ರಿನ್ಸಿಪಲ್’ ಮತ್ತು ತತ್ತ್ವ ಎಂಬರ್ಥದ ‘ಪ್ರಿನ್ಸಿಪಲ್’ ಇದಕ್ಕೊಂದು ಉದಾಹರಣೆ. ಬಿ.ಇಡ್. ಎರಡನೆಯ ವರ್ಷದ 16 ವಾರಗಳ ಇಂಟರ್ನ್‌ಷಿಪ್‌ನಲ್ಲಿ 8ನೇ ತರಗತಿಯ ನೋಟ್‌ಬುಕ್‌ಗಳನ್ನು ತಿದ್ದುವಾಗ ನಾನು ಕಂಡ ಗೊಂದಲಗಳು ಬೇರೆಯವು: ‘ಬಾರೋ’ ಮತ್ತು ‘ಲೆಂಡ್’, ‘ಹಿಯರ್’ ಮತ್ತು ‘ಲಿಸನ್’, ‘ಸೀ’ ಮತ್ತು ‘ಲುಕ್’. ಇವು ಬರಹದಲ್ಲಾಗಲೀ ಉಚ್ಚಾರಣೆಯಲ್ಲಾಗಲೀ ಒಂದನ್ನೊಂದು ಹೋಲುವುದಿಲ್ಲ. ಆದರೂ ಮಕ್ಕಳು ಇವನ್ನು ಅದಲು ಬದಲು ಮಾಡುತ್ತಾರೆ. ಕಾರಣ ಇಂಗ್ಲಿಷ್‌ನಲ್ಲಿ ಇಲ್ಲ, ನಾವು ಪಕ್ಕದಲ್ಲಿ ಬರೆಸುವ ಅರ್ಥದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ಸಹಪಾಠಿಗಳ ಮುಂದಿಡಲು ಈ ಬರಹ.

ನನಗೆ ಸಿಕ್ಕಿದ್ದು ಶಿವಾಜಿನಗರದ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆ. ಕನ್ನಡ ಮಾಧ್ಯಮ ಎಂದರೆ ಮನೆಯಲ್ಲೂ ಕನ್ನಡ ಎಂದಲ್ಲ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಸ್ಥಾಪಿಸಿದಾಗ ಮದ್ರಾಸ್ ಸೈನ್ಯದ ಜೊತೆ ತಮಿಳು ಮಾತನಾಡುವ ಕುಟುಂಬಗಳು ಬಂದು ನೆಲೆಸಿದವು. ಪೇಟೆ ಮತ್ತು ದಂಡು ಎರಡಕ್ಕೂ ಬೇರೆ ಬೇರೆ ಪುರಸಭೆಗಳಿದ್ದು, ಅವು ಒಂದಾಗಿದ್ದು 1949ರಲ್ಲಿ. ಆ ಚರಿತ್ರೆ ಹಾಜರಿ ಪುಸ್ತಕದಲ್ಲಿ ಇಂದಿಗೂ ಕಾಣುತ್ತದೆ. ಹಲಸೂರಿನಿಂದ ಬರುವ ಮಕ್ಕಳ ಮನೆಯಲ್ಲಿ ತಮಿಳು, ರಸೆಲ್ ಮಾರುಕಟ್ಟೆಯ ಸುತ್ತಲಿನ ಮಕ್ಕಳ ಮನೆಯಲ್ಲಿ ಉರ್ದು, ಕೆ.ಆರ್. ಪುರದಿಂದ ಬಸ್ಸು ಹತ್ತಿ ಬರುವ ಕೆಲವರ ಮನೆಯಲ್ಲಿ ತೆಲುಗು. ಕನ್ನಡ ಮನೆಮಾತಾಗಿದ್ದವರು ನನ್ನ ತರಗತಿಯಲ್ಲಿ ಕಾಲು ಭಾಗವೂ ಇರಲಿಲ್ಲ. ಚಿಂತಾಮಣಿ ಕಡೆಯವಳಾದ ನನ್ನ ಮನೆಮಾತೂ ತೆಲುಗೇ.

ಮೂರನೆಯ ವಾರದಲ್ಲಿ ನಡೆದ ಸಂಗತಿಯಿಂದ ಈ ಪಾಠ ಹುಟ್ಟಿತು. ಹಲಸೂರಿನ ಒಬ್ಬ ಹುಡುಗಿ ತನ್ನ ಜಾಮಿಟ್ರಿ ಬಾಕ್ಸನ್ನು ಪಕ್ಕದವಳಿಗೆ ಕೊಟ್ಟಿದ್ದಳು. ಎರಡು ದಿನವಾದರೂ ಅದು ವಾಪಸ್ ಬರಲಿಲ್ಲ. ಇಂಗ್ಲಿಷ್‌ನಲ್ಲೇ ದೂರು ಹೇಳಿದರೆ ಮೆಚ್ಚುಗೆ ಸಿಗುತ್ತದೆಂದು ಅವಳು ಒಬ್ಬ ಶಿಕ್ಷಕರ ಬಳಿ ಹೋಗಿ ‘ಐ ಬಾರೋಡ್ ದ ಬಾಕ್ಸ್’ ಎಂದಳು. ಅವಸರದಲ್ಲಿದ್ದ ಅವರು ಕೇಳಿದ್ದನ್ನು ಕೇಳಿದ ಹಾಗೇ ಅರ್ಥ ಮಾಡಿಕೊಂಡರು. ‘ತಗೊಂಡಿದ್ದರೆ ವಾಪಸ್ ಕೊಡಬೇಕಮ್ಮ, ಇನ್ನೊಬ್ಬರ ವಸ್ತು ಇಟ್ಟುಕೊಳ್ಳಬಾರದು’ ಎಂದು ಎಲ್ಲರೆದುರು ಬುದ್ಧಿ ಹೇಳಿ ಕಳಿಸಿದರು. ಕೊಟ್ಟವಳು ಒಂದು ಪದದಿಂದ ತೆಗೆದುಕೊಂಡವಳಾದಳು. ಆಮೇಲೆ ಅವಳು ಇಂಗ್ಲಿಷ್ ಅವಧಿಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದಳು.

ಅವಳ ನೋಟ್‌ಬುಕ್ ತೆರೆದು ನೋಡಿದೆ. ಹಿಂದಿನ ವರ್ಷದ ಪದಪಟ್ಟಿಯಲ್ಲಿ ‘ಬಾರೋ’ ಎದುರು ‘ಸಾಲ’, ‘ಲೆಂಡ್’ ಎದುರೂ ‘ಸಾಲ’. ಅವಳು ಕಲಿತದ್ದನ್ನು ಮರೆತಿರಲಿಲ್ಲ. ಬರೆಸಿದ್ದನ್ನು ಸರಿಯಾಗಿಯೇ ಕಲಿತಿದ್ದಳು.

ಕನ್ನಡದಲ್ಲಿ ಸಾಲ ಎಂಬುದಕ್ಕೆ ದಿಕ್ಕಿಲ್ಲ. ‘ಸಾಲ ಕೊಡು’, ‘ಸಾಲ ತಗೋ’ ಎಂದಾಗ ಕ್ರಿಯಾಪದವೇ ದಿಕ್ಕು ತೋರಿಸುತ್ತದೆ. ವಸ್ತುಗಳಿಗೆ ಬಳಸುವ ‘ಎರವಲು’ ಕೂಡ ಹಾಗೆಯೇ. ತಮಿಳಿನಲ್ಲಿ ‘ಕಡನ್’, ‘ಇರವಲ್’, ತೆಲುಗಿನಲ್ಲಿ ‘ಅಪ್ಪು’, ಉರ್ದುವಿನಲ್ಲಿ ‘ಉಧಾರ್’, ಯಾವುದನ್ನು ನೋಡಿದರೂ ಹೆಸರು ಒಂದೇ, ಕೊಡುವುದು ತೆಗೆದುಕೊಳ್ಳುವುದು ಬೇರೆ. ಇಂಗ್ಲಿಷ್ ಮಾತ್ರ ದಿಕ್ಕನ್ನು ಪದದೊಳಗೇ ಇಟ್ಟಿದೆ. ಆದರೆ ಇಂಗ್ಲಿಷ್‌ನಲ್ಲೂ ‘ರೆಂಟ್’ ಎಂಬುದು ಮನೆಯ ಮಾಲೀಕರಿಗೂ ಬಾಡಿಗೆದಾರರಿಗೂ ಸಲ್ಲುತ್ತದೆ. ಅಲ್ಲಿ ಕನ್ನಡದ ಹಾಗೆ ‘ಬಾಡಿಗೆಗೆ ಕೊಟ್ಟೆ’, ‘ಬಾಡಿಗೆಗೆ ತಗೊಂಡೆ’ ಎಂಬ ವ್ಯತ್ಯಾಸವನ್ನು ಸಂದರ್ಭದಿಂದಲೇ ತಿಳಿಯಬೇಕು. ಆದ್ದರಿಂದ ಇದು ಒಂದು ಭಾಷೆಯ ಬಡತನ, ಇನ್ನೊಂದರ ಸಿರಿತನ ಅಲ್ಲ. ಒಂದೊಂದು ಭಾಷೆ ಗೆರೆಯನ್ನು ಒಂದೊಂದು ಕಡೆ ಎಳೆದಿದೆ.

ಪಾಠವನ್ನು ಹೀಗೆ ಮಾಡಿದೆ. ಮುಂದೆ ಎರಡು ಕುರ್ಚಿ, ನಡುವೆ ಒಂದು ಬಾಕ್ಸ್. ‘ಬಾಕ್ಸ್ ಯಾರದು? ಯಾರ ಕೈಯಿಂದ ಯಾರ ಕೈಗೆ ಹೋಯಿತು?’ ಎಂಬ ಎರಡೇ ಪ್ರಶ್ನೆ. ಕೈಯಿಂದ ಹೋದರೆ ‘ಲೆಂಡ್’, ಜೊತೆಗೆ ‘ಟು’. ಕೈಗೆ ಬಂದರೆ ‘ಬಾರೋ’, ಜೊತೆಗೆ ‘ಫ್ರಮ್’. ‘ನಿಮ್ಮ ಮನೆಯಲ್ಲಿ ಇದಕ್ಕೆ ಏನಂತೀರಿ?’ ಎಂದು ಕೇಳಿ, ನಾಲ್ಕು ಭಾಷೆಗಳ ಮಾತುಗಳನ್ನೂ ಕನ್ನಡ ಲಿಪಿಯಲ್ಲಿ ಹಲಗೆಯ ಮೇಲೆ ಬರೆದೆ. ‘ಮಿಸ್, ಎಲ್ಲದರಲ್ಲೂ ಕೊಡೋದು, ತಗೊಳ್ಳೋದು ಬೇರೆ ಬರ್ತಿದೆ’ ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕಂಡುಹಿಡಿದ. ನಾನು ಹೇಳಬೇಕೆಂದಿದ್ದ ನಿಯಮ ಅದೇ ಆಗಿತ್ತು. ಅವಧಿ ಮುಗಿದ ಮೇಲೆ ಆ ಹುಡುಗಿ ಬಂದು, ‘ಮಿಸ್, ಹಾಗಾದ್ರೆ ಬಾಕ್ಸ್ ನಂದೇ ಅಂತ ಈಗ ಹೋಗಿ ಹೇಳಬಹುದಾ?’ ಎಂದಳು. ಹೇಳಿದಳು. ಆ ಶಿಕ್ಷಕರೂ ಸಮಾಧಾನವಾಗಿ ಕೇಳಿದರು. ಬಾಕ್ಸ್ ವಾಪಸ್ ಬಂತು.

‘ಹಿಯರ್’, ‘ಲಿಸನ್’ ಜೋಡಿ ಇದಕ್ಕಿಂತ ಕಷ್ಟ. ನೋಟ್‌ಬುಕ್‌ಗಳಲ್ಲಿ ಎರಡಕ್ಕೂ ‘ಕೇಳು’ ಎಂದಿತ್ತು. ‘ಆಸ್ಕ್’ ಎದುರೂ ‘ಕೇಳು’. ತಮಿಳಿನ ‘ಕೇಳ್’ ಕೂಡ ಈ ಮೂರನ್ನೂ ಹೊರುತ್ತದೆ. ಹಾಗಾಗಿ ಕನ್ನಡ, ತಮಿಳು ಮನೆಯ ಮಕ್ಕಳು ‘ನಾನು ಟೀಚರನ್ನು ಕೇಳಿದೆ’ ಎಂಬುದಕ್ಕೆ ‘ಆಸ್ಕ್’ ಬದಲು ‘ಹಿಯರ್’ ಬಳಸಿದ್ದರು. ಉರ್ದು ಮನೆಯ ಮಕ್ಕಳು ಆ ತಪ್ಪು ಮಾಡಿರಲಿಲ್ಲ. ಅವರಿಗೆ ಕಿವಿಯಿಂದ ಕೇಳುವುದು ‘ಸುನ್ನಾ’, ಪ್ರಶ್ನೆ ಕೇಳುವುದು ‘ಪೂಛ್ನಾ’. ತೆಲುಗಿನಲ್ಲೂ ‘ವಿನು’ ಬೇರೆ, ‘ಅಡುಗು’ ಬೇರೆ. ಆದರೆ ‘ಹಿಯರ್’, ‘ಲಿಸನ್’ ವಿಷಯದಲ್ಲಿ ಎಲ್ಲರೂ ಎಡವಿದ್ದರು.

ಆಶ್ಚರ್ಯವೆಂದರೆ ಆ ವ್ಯತ್ಯಾಸ ಎಲ್ಲರ ಮನೆಮಾತಿನಲ್ಲೂ ಇದೆ. ‘ಗಂಟೆ ಕೇಳಿಸಿತು’ ಬೇರೆ, ‘ಪಾಠ ಕೇಳಿದೆ’ ಬೇರೆ. ಮೊದಲನೆಯದು ತಾನಾಗಿ ಕಿವಿಗೆ ಬಿದ್ದದ್ದು, ಎರಡನೆಯದು ಮನಸ್ಸಿಟ್ಟದ್ದು. ತಮಿಳಿನ ‘ಕೇಕ್ಕುದು’, ತೆಲುಗಿನ ‘ವಿನಿಪಿಂಚು’, ಉರ್ದುವಿನ ‘ಸುನಾಯಿ ದೇನಾ’ ಈ ಮೊದಲನೆಯ ಗುಂಪಿನವು. ‘ಕಾಣಿಸು’ ಮತ್ತು ‘ನೋಡು’ ಇಟ್ಟುಕೊಂಡರೆ ‘ಸೀ’, ‘ಲುಕ್’ ಕೂಡ ಬಿಡಿಸಿಕೊಳ್ಳುತ್ತವೆ. ಮಕ್ಕಳ ಬಳಿ ಇದ್ದ ಸಾಮಾನನ್ನು ನಮ್ಮ ಪದಪಟ್ಟಿ ಮುಚ್ಚಿಟ್ಟಿತ್ತು, ಅಷ್ಟೆ.

ಕೆ.ಆರ್. ಪುರದಲ್ಲಿ ನಾನಿದ್ದ ಪಿ.ಜಿ.ಯಲ್ಲಿ ಕೋಣೆಯ ಗೆಳತಿಯೊಬ್ಬಳು ಕಂಪನಿ ಕೆಲಸಕ್ಕಾಗಿ ಇಂದಿರಾನಗರಕ್ಕೆ ಹೋಗಿ ಸ್ಪ್ಯಾನಿಷ್ ಕಲಿಯುತ್ತಿದ್ದಳು. ಅವಳ ಪುಸ್ತಕದಲ್ಲೂ ಇದೇ ಕಥೆ. ‘ಲೆಂಡ್’ ಎಂಬುದಕ್ಕೆ ಅಲ್ಲಿ ‘ಪ್ರೆಸ್ತಾರ್’. ‘ಬಾರೋ’ ಎಂಬುದಕ್ಕೆ ಹೆಚ್ಚಾಗಿ ‘ಪೆದೀರ್ ಪ್ರೆಸ್ತಾದೋ’, ಅಂದರೆ ಎರವಲಾಗಿ ಕೇಳಿ ಪಡೆಯುವುದು. ಇಂಗ್ಲಿಷ್‌ನ ‘ಆಸ್ಕ್’ ಸ್ಪ್ಯಾನಿಷ್‌ನಲ್ಲಿ ಎರಡಾಗುತ್ತದೆ: ಪ್ರಶ್ನೆ ಕೇಳುವುದು ‘ಪ್ರೆಗುಂತಾರ್’, ವಸ್ತು ಕೇಳುವುದು ‘ಪೆದೀರ್’. ಅವಳಿಗೆ ಇದು ದೊಡ್ಡ ತಲೆನೋವಾಗಿತ್ತು. ನನ್ನ ತರಗತಿಯ ಉರ್ದು ಮಕ್ಕಳಿಗೆ ಹೇಳಿಕೊಟ್ಟಿದ್ದರೆ ಒಂದೇ ನಿಮಿಷದಲ್ಲಿ ಹಿಡಿಯುತ್ತಿದ್ದರು. ‘ಪೂಛ್ನಾ’, ‘ಮಾಂಗ್ನಾ’ ನಡುವೆ ಇರುವುದು ಅದೇ ಗೆರೆ. ಇಂಗ್ಲಿಷ್ ಮೂಲಕ ಸ್ಪ್ಯಾನಿಷ್‌ಗೆ ಹೋದವಳು ಸುತ್ತಿ ಬಳಸಿ ತಲುಪಿದ ಜಾಗದಲ್ಲಿ ಶಿವಾಜಿನಗರದ ಮಕ್ಕಳು ಮೊದಲೇ ನಿಂತಿದ್ದಾರೆ.

ಈ ಪಾಠವನ್ನು ವೀಕ್ಷಿಸಿದವರು ವೀಕ್ಷಣಾ ಹಾಳೆಯಲ್ಲಿ ‘ಬೋಧನೋಪಕರಣ ಉತ್ತಮ. ಮಾತೃಭಾಷೆಯ ಬಳಕೆ ಕಡಿಮೆ ಮಾಡಿ’ ಎಂದು ಬರೆದರು. ಅವರ ಆತಂಕಕ್ಕೆ ಅರ್ಥವಿದೆ. ಮನೆಯಲ್ಲಿ ಇಂಗ್ಲಿಷ್ ಕೇಳದ ಮಕ್ಕಳಿಗೆ ಶಾಲೆಯಲ್ಲೂ ಅದು ಕಿವಿಗೆ ಬೀಳದಿದ್ದರೆ ಬರುವುದಾದರೂ ಹೇಗೆ? ಆದರೂ ನಾನು ಅವರಲ್ಲಿ ಒಂದು ಮಾತು ನಿವೇದಿಸಿಕೊಂಡೆ: ‘ಕನ್ನಡ ಈ ತರಗತಿಗೆ ನನ್ನಿಂದ ಬಂದದ್ದಲ್ಲ ಮೇಡಂ, ಪದಪಟ್ಟಿಯಲ್ಲಿ ಮೊದಲೇ ಕೂತಿತ್ತು. ಅರ್ಧ ಅನುವಾದವಾಗಿ ಕೂತಿತ್ತು. ನಾನು ಅದನ್ನು ಪೂರ್ತಿ ಮಾಡಿದ್ದು.’ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತರಗತಿಯ ಬಹುಭಾಷಿಕತೆಯನ್ನು ಸಂಪನ್ಮೂಲ ಎಂದು ಕರೆದಿರುವುದನ್ನು ನಾವು ಪರೀಕ್ಷೆಯಲ್ಲಿ ಬರೆಯುತ್ತೇವೆ. ಪಾಠಯೋಜನೆಯ ನಮೂನೆಯಲ್ಲಿ ಮಾತ್ರ ಅದಕ್ಕೊಂದು ಕಾಲಂ ಇಲ್ಲ. ಅಂಕ ಬದಲಾಗಲಿಲ್ಲ, ಆದರೆ ಮುಂದಿನ ವಾರದ ಪಾಠಕ್ಕೆ ಅವರೇ ಬಂದು ಕುಳಿತು ‘ಆ ನಾಲ್ಕು ಭಾಷೆಯ ಹಲಗೆ ಇನ್ನೊಮ್ಮೆ ಮಾಡಿ ತೋರಿಸಿ’ ಎಂದರು.

ಫಲಿತಾಂಶ ಪವಾಡವೇನಲ್ಲ. ಎರಡು ವಾರದ ನಂತರದ ಕಿರುಪರೀಕ್ಷೆಯಲ್ಲಿ ‘ಬಾರೋ’, ‘ಲೆಂಡ್’ ಹೆಚ್ಚಿನವರಿಗೆ ಸರಿಯಾಗಿತ್ತು. ‘ಟು’, ‘ಫ್ರಮ್’ ಮಾತ್ರ ಕೆಲವರಲ್ಲಿ ಇನ್ನೂ ಜಾರುತ್ತಿತ್ತು. ‘ಹಿಯರ್’, ‘ಲಿಸನ್’ ಅರ್ಧಕ್ಕರ್ಧ. ಅದಕ್ಕೆ ಇನ್ನೂ ಅಭ್ಯಾಸ ಬೇಕು.

ಮುಂದಿನ ತಂಡದವರಿಗೆ ಉಪಯೋಗವಾದೀತೆಂದು ನನ್ನ ಕ್ರಮವನ್ನು ಹೇಳಿ ಮುಗಿಸುತ್ತೇನೆ. ಅರ್ಥವನ್ನು ಒಂಟಿ ಪದವಾಗಿ ಬರೆಸಬೇಡಿ. ‘ಲೆಂಡ್’ ಎದುರು ‘ವಾಪಸ್ ಪಡೆಯುವ ಮಾತಿನ ಮೇಲೆ ಕೊಡು’, ‘ಬಾರೋ’ ಎದುರು ‘ವಾಪಸ್ ಕೊಡುವ ಮಾತಿನ ಮೇಲೆ ತಗೋ’ ಎಂದು ಬರೆಸಿ. ಎರಡು ಇಂಗ್ಲಿಷ್ ಪದಗಳಿಗೆ ನೋಟ್‌ಬುಕ್‌ನಲ್ಲಿ ಒಂದೇ ಅರ್ಥ ಕಂಡರೆ ಅಲ್ಲೇ ನಿಂತು, ಆ ಜೋಡಿಗೆ ಒಂದು ಅವಧಿ ಮೀಸಲಿಡಿ. ಇಂಟರ್ನ್‌ಷಿಪ್‌ನ ಮೊದಲ ವಾರದಲ್ಲೇ ಮಕ್ಕಳ ಮನೆಮಾತು ಕೇಳಿ ಬರೆದುಕೊಳ್ಳಿ. ಯಾವ ಜೋಡಿ ಯಾರಿಗೆ ಕಷ್ಟವಾಗುತ್ತದೆಂದು ಅದರಿಂದ ಮೊದಲೇ ಅಂದಾಜು ಸಿಗುತ್ತದೆ. ನಿಮಗೆ ಬಾರದ ಭಾಷೆಯಾದರೆ ಮಕ್ಕಳನ್ನೇ ಕೇಳಿ, ಅವರು ಸಂತೋಷದಿಂದ ಹೇಳುತ್ತಾರೆ. ಮನೆಮಾತಿಗೆ ಐದಾರು ನಿಮಿಷ ಸಾಕು. ಉಳಿದ ಅವಧಿಯಲ್ಲಿ ಬಾಕ್ಸ್, ಪೆನ್ನು, ಛತ್ರಿ ಕೈಯಿಂದ ಕೈಗೆ ಹೋಗುತ್ತಿರಲಿ, ಮಕ್ಕಳ ಬಾಯಲ್ಲಿ ಇಂಗ್ಲಿಷ್ ಇರಲಿ.