ಸುದ್ದಿ ಉಬ್ಬಿದ್ದು ಎಲ್ಲಿ?

ಮರೆವಿಗೆ ಮದ್ದು ಸಿಕ್ಕಿತು ಅಂತ ದಪ್ಪ ಅಕ್ಷರದಲ್ಲಿ ಸುದ್ದಿ. ಪ್ರಯೋಗ ನಡೆದದ್ದು ಇಲಿಯ ಮೇಲೆ ಅನ್ನೋದು ಕೊನೆಯ ಪ್ಯಾರಾದಲ್ಲಿ. ಸಂಶೋಧಕ ಜೇಮ್ಸ್ ಹೆದರ್ಸ್ 2019ರಲ್ಲಿ ಟ್ವಿಟರ್ ಖಾತೆಯೊಂದನ್ನು ತೆರೆದು, ಇಂಥ ಸುದ್ದಿಗಳ ತಲೆಗೆ ‘ಇಲಿಗಳಲ್ಲಿ’ ಎಂದಷ್ಟೇ ಬರೆದು ಹಂಚತೊಡಗಿದರು. ಜನ ಮುಗಿಬಿದ್ದು ಓದಿದರು.

ಬೈಗುಳವೆಲ್ಲ ಪತ್ರಕರ್ತರ ಪಾಲಿಗೆ!

ಆದರೆ ಕಾರ್ಡಿಫ್ ವಿಶ್ವವಿದ್ಯಾಲಯದ ತಂಡ ಬ್ರಿಟನ್ನಿನ 20 ವಿಶ್ವವಿದ್ಯಾಲಯಗಳು ಹೊರಡಿಸಿದ್ದ, ಆರೋಗ್ಯಕ್ಕೆ ಸಂಬಂಧಿಸಿದ 462 ಪತ್ರಿಕಾ ಪ್ರಕಟಣೆಗಳನ್ನು ಮೂಲ ಪ್ರಬಂಧ ಮತ್ತು ಸುದ್ದಿಗಳ ಪಕ್ಕದಲ್ಲಿಟ್ಟು ತಾಳೆ ನೋಡಿತು. ಫಲಿತಾಂಶ 2014ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಪ್ರಾಣಿಗಳ ಮೇಲಿನ ಅಧ್ಯಯನಗಳ ಪ್ರಕಟಣೆಗಳಲ್ಲಿ ಶೇ. 36ರಷ್ಟು ಪ್ರಾಣಿಗಳಲ್ಲಿ ಕಂಡದ್ದನ್ನು ಮನುಷ್ಯರವರೆಗೂ ಎಳೆದಿದ್ದವು. ಅಂಥ ಪ್ರಕಟಣೆಯಿಂದ ಹುಟ್ಟಿದ ಸುದ್ದಿಗಳಲ್ಲಿ ಶೇ. 86ರಲ್ಲಿ ಅದೇ ಉತ್ಪ್ರೇಕ್ಷೆ. ಪ್ರಕಟಣೆ ನೆಟ್ಟಗಿದ್ದಾಗ? ಶೇ. 10.

ಸಂಶೋಧನೆಯನ್ನು ಜನರಿಗೆ ತಲುಪಿಸಲು ಸಂಶೋಧಕರಿಗೆ ನೆರವಾಗುವುದೆಂದರೆ ಕ್ಯಾಮೆರಾ ಮುಂದೆ ಮಾತಾಡಲು ಕಲಿಸುವುದು ಅಂತ ಅನೇಕರ ಎಣಿಕೆ. ಅದೂ ಬೇಕು, ಸರಿ. ಆದರೆ ಪ್ರಬಂಧ ಬರೆದವರನ್ನೇ ಪ್ರಚಾರ ವಿಭಾಗದವರ ಪಕ್ಕ ಕೂರಿಸಿ, ಪ್ರಕಟಣೆಯ ಸಾಲು ಸಾಲನ್ನೂ ಓದಿಸಿ ಸಹಿ ಹಾಕಿಸುವುದು ಅದಕ್ಕಿಂತ ಅಗ್ಗ. ಉಬ್ಬಿಸದಿದ್ದರೆ ಯಾರೂ ಮೂಸಿ ನೋಡುವುದಿಲ್ಲ ಎಂಬ ಭಯವಂತೂ ಇದ್ದೇ ಇದೆ. ಆದರೆ ಉಬ್ಬಿಸಿದ್ದರಿಂದ ಹೆಚ್ಚು ಸುದ್ದಿಯಾಯಿತು ಎನ್ನಲು ಕಾರ್ಡಿಫ್ ಅಧ್ಯಯನದಲ್ಲಿ ಗಟ್ಟಿ ಪುರಾವೆಯೇನೂ ಸಿಗಲಿಲ್ಲ.