ಸಂಘದ ರೊಕ್ಕ, ಸಮುದ್ರದ ಹಡಗು

ನಮ್ಮೂರ ಸ್ತ್ರೀಶಕ್ತಿ ಸಂಘದ 8 ಮಂದಿ ಈ ಸಲ ಹಡಗಿನ ಪ್ರವಾಸ ಹೋಗಬೇಕೆಂದು ತೀರ್ಮಾನ ಮಾಡಿದ್ದಾರೆ. ಧರ್ಮಸ್ಥಳ, ತಿರುಪತಿ, ಶಿರಡಿ ಎಲ್ಲ ಆಗಿದೆ. "ಸಮುದ್ರದಾಗ ಒಂದ್ ರಾತ್ರಿ ಮಲಗಿ ಏಳಬೇಕ್ರಿ. ನೀವು ಓದಿದ ಮಂದಿ, ಕಮ್ಮಿ ರೊಕ್ಕದಾಗ ಹುಡುಕಿ ಕೊಡ್ರಿ" ಎಂದರು. ಆ ರೊಕ್ಕ ಮೆಣಸಿನಕಾಯಿ ತೊಟ್ಟು ಬಿಡಿಸಿ, ರೊಟ್ಟಿ ಬಡಿದು ಕೂಡಿಟ್ಟದ್ದು. ಒಂದು ರೂಪಾಯಿಯೂ ಪೋಲಾಗಬಾರದು ಎಂದು ನಾವು ಹುಡುಕಲು ಕುಳಿತೆವು.

ಅಷ್ಟರಲ್ಲಿ ಸಂಘದ ವಾಟ್ಸಾಪ್ ಗುಂಪಿಗೆ ಒಂದು ಪೋಸ್ಟರ್ ಬಂತು. ಅರ್ಧ ದರ, ಇವತ್ತೇ ಕೊನೇ ದಿನ, ಈ ನಂಬರಿಗೆ ಯುಪಿಐ ಮಾಡಿ ಅಂತ. ಇಬ್ಬರು ಹಣ ಕಳಿಸಲು ತಯಾರಾಗಿದ್ದರು. ನಾವು ಆ ನಂಬರಿಗೆ ಫೋನ್ ಮಾಡಿ ನಾಲ್ಕೇ ಪ್ರಶ್ನೆ ಕೇಳಿದೆವು: ಹಡಗಿನ ಹೆಸರೇನು? ಹೊರಡುವ ತಾರೀಖು ಯಾವುದು? ಯಾವ ನಮೂನೆಯ ರೂಮು? ಜಿಎಸ್‌ಟಿ ಬಿಲ್ ಕೊಡುತ್ತೀರಾ? ಅತ್ತ ಕಡೆಯವರು ಫೋನ್ ಇಟ್ಟರು. ಮತ್ತೆ ಎತ್ತಲಿಲ್ಲ.

ಮುಂಬೈನಿಂದ ಗೋವಾ, ಲಕ್ಷದ್ವೀಪದ ಕಡೆಗೆ 2021ರಲ್ಲಿ ಕಾರ್ಡೀಲಿಯಾ ಕಂಪನಿಯ 'ಎಂಪ್ರೆಸ್' ಹಡಗು ಓಡತೊಡಗಿತು. 1990ರಲ್ಲಿ ಕಟ್ಟಿದ, 11 ಅಂತಸ್ತಿನ ಹಡಗು ಅದು. ಇಂಥ ಹಡಗಿನ ದರ ಓದುವುದನ್ನು ಮೊದಲು ಕಲಿಯಬೇಕು.

ಜಾಹೀರಾತಿನ ದರ ಸಾಮಾನ್ಯವಾಗಿ ಒಂದು ರೂಮಿನಲ್ಲಿ ಇಬ್ಬರಿದ್ದರೆ ಒಬ್ಬರಿಗೆ ಎಷ್ಟು ಎಂಬ ಲೆಕ್ಕ. ಬಂದರು ಶುಲ್ಕ, ತೆರಿಗೆ, ಸಿಬ್ಬಂದಿಯ ಟಿಪ್ಸ್ ಅದರ ಮೇಲೆ ಸೇರುತ್ತವೆ. ಹಾಗಾಗಿ ಹಣ ಕಟ್ಟುವ ಮುಂಚಿನ ಕೊನೆಯ ಮೊತ್ತವನ್ನೇ ನಿಜವಾದ ದರ ಅಂದುಕೊಳ್ಳಿ. ಒಬ್ಬರೇ ಹೋದರೆ ಹೆಚ್ಚುಕಡಿಮೆ ಪೂರ್ತಿ ರೂಮಿನ ಬಾಡಿಗೆ ಬೀಳುತ್ತದೆ. ಮೂರನೆಯವರಿಗೂ ನಾಲ್ಕನೆಯವರಿಗೂ ದರ ಇಳಿಯುತ್ತದೆ. 8 ಮಂದಿಗೆ 2 ರೂಮು ಸಾಕು. ಆದರೆ ಇಬ್ಬಿಬ್ಬರು ರೈಲಿನ ಹಾಗೆ ಮೇಲಿನ ಬರ್ತ್ ಹತ್ತಬೇಕು. ಮೊಣಕಾಲು ನೋವಿನವರು ಯಾರೆಂದು ಮೊದಲೇ ನೋಡಿಕೊಳ್ಳಿ.

ಕಿಟಕಿ ಇಲ್ಲದ ಒಳಗಿನ ರೂಮು ಎಲ್ಲಕ್ಕಿಂತ ಅಗ್ಗ. ಮಲಗಲು ಅಷ್ಟು ಸಾಕು. ಸಮುದ್ರ ನೋಡಲು ಮೇಲಿನ ಡೆಕ್ ಇದೆ, ಅಲ್ಲಿ ದುಬಾರಿ ಟಿಕೆಟ್ಟಿನವರಿಗೂ ನಮಗೂ ಒಂದೇ ಗಾಳಿ. ಮುಖ್ಯ ಊಟದ ಹಾಲಿನ ಊಟ ಟಿಕೆಟ್ಟಿನಲ್ಲೇ ಬರುತ್ತದೆ. ಬಾಟಲಿ ಪಾನೀಯ, ವೈಫೈ, ದಡಕ್ಕೆ ಇಳಿದು ತಿರುಗಾಡುವುದಕ್ಕೆ ಬೇರೆ ರೊಕ್ಕ. ದೀಪಾವಳಿ, ಕ್ರಿಸ್‌ಮಸ್, ಶಾಲೆ ರಜೆ ಬಿಟ್ಟು ವಾರದ ನಡುವಿನ ದಿನ ಹಿಡಿದರೆ ದರ ಕಮ್ಮಿ. ಮಳೆಗಾಲದಲ್ಲಿ ಅರಬ್ಬಿ ಸಮುದ್ರ ಬಲು ಒರಟು, ಆಗ ಬೇಡವೇ ಬೇಡ.

ನಮ್ಮ ಕಡೆಯವರಿಗೆ ಇನ್ನೊಂದು ಲಾಭವಿದೆ. ಗೋವಾದಲ್ಲೇ ಮುಗಿಯುವ ಒಂದೇ ದಿಕ್ಕಿನ ಟಿಕೆಟ್ ಸಿಕ್ಕರೆ ಅದನ್ನೇ ಹಿಡಿಯಿರಿ. ಹಡಗು ಮೊರ್ಮುಗಾವ್ ಬಂದರಿಗೆ ಬರುತ್ತದೆ, ವಾಸ್ಕೋ ರೈಲು ನಿಲ್ದಾಣ ಅಲ್ಲೇ ಹತ್ತಿರ. ದೂಧ್‌ಸಾಗರ್ ನೋಡುತ್ತ ಲೋಂಡಾ ಮೇಲೆ ಹುಬ್ಬಳ್ಳಿ ಸೇರಬಹುದು. ಹೋಗುವಾಗ ಮಾತ್ರ ಒಂದು ದಿನ ಮುಂಚೆ ಮುಂಬೈ ತಲುಪಿರಿ. ರೈಲು ತಡವಾಯಿತೆಂದು ಹಡಗು ಕಾಯುವುದಿಲ್ಲ. ದೇಶದೊಳಗಿನ ಯಾನಕ್ಕೆ ಫೋಟೋ ಇರುವ ಗುರುತಿನ ಚೀಟಿ ಒಯ್ಯಿರಿ, ಶ್ರೀಲಂಕಾಕ್ಕೆ ಹೋಗುವುದಾದರೆ ಪಾಸ್‌ಪೋರ್ಟ್ ಬೇಕೇ ಬೇಕು. ಟಿಕೆಟ್ ರದ್ದು ಮಾಡಿದರೆ ಎಷ್ಟು ಕಡಿತ ಎಂಬುದನ್ನು ಹಣ ಕಟ್ಟುವ ಮುಂಚೆ ಓದಿ. ತಾರೀಖು ಹತ್ತಿರವಾದಷ್ಟೂ ಕಡಿತ ಜಾಸ್ತಿ.

ಈ ಲೆಕ್ಕವನ್ನೆಲ್ಲ ಹಾಳೆಯಲ್ಲಿ ಬರೆದು ಸಂಘದ ಸಭೆಯಲ್ಲಿ ಓದಿದೆವು. ಬಾಗಿಲಲ್ಲಿ ನಿಂತಿದ್ದ ಒಬ್ಬ ಹಿರಿಯರು, "ಗೊಬ್ಬರಕ್ಕ ರೊಕ್ಕಿಲ್ಲ, ಇವರಿಗೆ ಹಡಗು ಬೇಕಂತ" ಎಂದರು. ಸಂಘದ ಅಧ್ಯಕ್ಷರು ಪಾಸ್‌ಬುಕ್ ತೆಗೆದು ಅವರ ಮುಂದೆ ಹಿಡಿದರು. "ಯಜಮಾನ್ರ, ಗೊಬ್ಬರದ ಸಾಲ ನಾವು ತೀರಿಸೀವಿ. ಇದು ಅದರ ಮ್ಯಾಲಿನ ಉಳಿಕಿ."

ಆ ಮೇಲೆ ಯಾರೂ ಮಾತಾಡಲಿಲ್ಲ. ಮೇಲಿನ ಬರ್ತ್ ಯಾರಿಗೆ ಎಂಬ ಜಗಳ ಮಾತ್ರ ಇನ್ನೂ ಬಗೆಹರಿದಿಲ್ಲ.